ಅಜ್ಜನ ಗಾಡಿ ನಿಲ್ಲುತ್ತಿದ್ದ ದಾರಿ

ಬೆಂಗಳೂರಲ್ಲಿ ರಾತ್ರಿ ಊಟ ಮಾಡಿ ಸ್ಲೀಪರ್ ಬಸ್ ಹತ್ತಿದರೆ ಬೆಳಗಾಗುವಾಗ ಊರು. ಮಡಿಕೇರಿ ಯಾವಾಗ ದಾಟಿತು, ಸಂಪಾಜೆ ಘಾಟಿ ಯಾವಾಗ ಇಳಿಯಿತು ಅನ್ನೋದು ಹೊಟ್ಟೆಗೆ ಮಾತ್ರ ಗೊತ್ತು. ಹತ್ತು ವರ್ಷದಿಂದ ಹೀಗೇ ಓಡಾಡಿದ್ದೇನೆ. ಸುಳ್ಯ, ಜಾಲ್ಸೂರು, ಪುತ್ತೂರು ನನಗೆ ಕಂಡಕ್ಟರ್ ಕೂಗುವ ಹೆಸರುಗಳಷ್ಟೇ ಆಗಿಬಿಟ್ಟಿದ್ದವು.

ಈ ಸಲ ನಾಲ್ಕು ದಿನ ರಜೆ ಇತ್ತು. ಅರಂತೋಡು ಕಡೆಯ ನಮ್ಮ ಹಳೇ ಮನೆಯಲ್ಲಿ ದೊಡ್ಡಪ್ಪನ ಹತ್ತಿರ ಕೂತಿದ್ದಾಗ ಅಜ್ಜನ ಎತ್ತಿನ ಗಾಡಿಯ ಮಾತು ಬಂತು. ಅಜ್ಜ ಅಡಿಕೆ ಹೇರಿಕೊಂಡು ಮಂಗಳೂರಿಗೆ ಹೋಗುತ್ತಿದ್ದ ಕಾಲ ಅದು, 1930ರ ದಶಕ. “ಹೋಗ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ದೊಡ್ಡಪ್ಪಾ?” ಅಂತ ಕೇಳಿದೆ.

“ಹೊತ್ತಾ? ದಿನ ಕೇಳು ಮಾರಾಯ.”

ಲೆಕ್ಕ ಹಾಕಿ ನೋಡಿ. ಮಂಗಳೂರಿನಿಂದ ಪುತ್ತೂರು ಸುಮಾರು 52 ಕಿ.ಮೀ., ಪುತ್ತೂರಿನಿಂದ ಸುಳ್ಯ ಇನ್ನೊಂದು 36. ಹೊರೆ ಹೊತ್ತ ಎತ್ತಿನ ಗಾಡಿ ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿ.ಮೀ. ಹೋಗುತ್ತದೆ. ಎತ್ತಿಗೆ ಮೇವು, ನೀರು, ವಿಶ್ರಾಂತಿ ಬೇಕು. ಅಂದರೆ ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ಕಿ.ಮೀ. ಹೋಗುವಾಗ ನಾಲ್ಕು ದಿನ, ಬರುವಾಗ ನಾಲ್ಕು ದಿನ. ಹಾಗಾದರೆ ರಾತ್ರಿ ಮಲಗುತ್ತಿದ್ದದ್ದು ಎಲ್ಲಿ?

ಆ ಒಂದು ಪ್ರಶ್ನೆ ಹಿಡಿದುಕೊಂಡು ಎರಡು ದಿನ ಬೈಕಲ್ಲಿ ಸುತ್ತಿದೆ. ನಾನು ಕಂಡದ್ದು, ಕೇಳಿದ್ದು ಇಲ್ಲಿದೆ.

ಉಪ್ಪು ಕೆಳಗಿಂದ, ಕಾಫಿ ಮೇಲಿಂದ

ಈಗ ರಾಷ್ಟ್ರೀಯ ಹೆದ್ದಾರಿ 275 ಅನ್ನುವ ಈ ರಸ್ತೆಗೆ ಮೊದಲಿಂದಲೂ ಒಂದೇ ಕೆಲಸ, ಕರಾವಳಿಯನ್ನು ಘಟ್ಟಕ್ಕೆ ಕಟ್ಟುವುದು. ಸಮುದ್ರದ ಕಡೆಯಿಂದ ಉಪ್ಪು, ಒಣಮೀನು, ತೆಂಗು ಮೇಲೆ ಹೋಗಬೇಕು. ಮೇಲಿಂದ ಅಕ್ಕಿ, ಏಲಕ್ಕಿ, ಕಾಳುಮೆಣಸು ಕೆಳಗೆ ಬರಬೇಕು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಕೊಡಗಿನಲ್ಲಿ ಕಾಫಿ ತೋಟಗಳು ಎದ್ದ ಮೇಲೆ ಕಾಫಿ ಮೂಟೆಗಳೂ ಮಂಗಳೂರಿನ ದಾರಿ ಹಿಡಿದವು.

ನೇತ್ರಾವತಿ, ಕುಮಾರಧಾರಾ ಸೇರುವ ಜಾಗ ಉಪ್ಪಿನಂಗಡಿ. ಹೆಸರೇ ಹೇಳುತ್ತದೆ ಅದು ಏನಾಗಿತ್ತು ಅಂತ. ದೋಣಿಯಲ್ಲಿ ಬಂದ ಉಪ್ಪು ಇಲ್ಲಿ ಇಳಿದು ಎತ್ತಿನ ಬೆನ್ನೇರಿ ಘಟ್ಟಕ್ಕೆ ಹೊರಡುತ್ತಿತ್ತು. ಆ ಅಂಗಡಿ ಎಷ್ಟು ಮುಖ್ಯವಾಗಿತ್ತೆಂದರೆ, ಬ್ರಿಟಿಷರ ಕಡತದಲ್ಲಿ ಈ ಇಡೀ ಸೀಮೆಯ ಹೆಸರೇ ಉಪ್ಪಿನಂಗಡಿ ತಾಲ್ಲೂಕು. ಪುತ್ತೂರು ತಾಲ್ಲೂಕಿನ ಹೆಸರಾದದ್ದು ಆಮೇಲೆ.

ದಾರಿ ಅಂದಮೇಲೆ ತಂಗಲು ಜಾಗ ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಕುದುರೆ ಸಾರೋಟು ನಿಲ್ಲುವ ಛತ್ರಗಳಿದ್ದವಂತೆ. ಕೆಳಗೆ ಲಾಯ, ಮೇಲೆ ಕೋಣೆ, ನಡುವೆ ಅಂಗಳ. ನಮ್ಮ ದಾರಿಯಲ್ಲಿ ಒಂದೇ ಕಟ್ಟಡ ಎಲ್ಲ ಕೆಲಸ ಮಾಡುತ್ತಿರಲಿಲ್ಲ. ಇಲ್ಲಿ ತಂಗುದಾಣ ಮೂರು ಬಗೆ: ಕಟ್ಟೆ, ಛತ್ರ, ಬಂಗ್ಲೆ. ಯಾರು ಎಲ್ಲಿ ಮಲಗಬೇಕು ಅನ್ನೋದೂ ಮೊದಲೇ ತೀರ್ಮಾನ ಆಗಿರುತ್ತಿತ್ತು.

ಕಟ್ಟೆ: ಗೋಡೆ ಇಲ್ಲದ ಮನೆ

ಮೊದಲನೆಯದು ಕಟ್ಟೆ. ಒಂದು ಅಶ್ವತ್ಥವೋ ಆಲವೋ, ಅದರ ಸುತ್ತ ಕೆಂಪುಕಲ್ಲಿನ ಜಗಲಿ. ಅಷ್ಟೇ. ನೆರಳು ಮರದ್ದು, ಹಾಸಿಗೆ ಕಲ್ಲಿನದ್ದು. ಹತ್ತಿರದಲ್ಲಿ ಬಾವಿಯೋ ತೋಡೋ ಇದ್ದರೆ ಅಲ್ಲೇ ಮೂರು ಕಲ್ಲು ಹೂಡಿ ಗಂಜಿ ಬೇಯಿಸಬಹುದು.

ತಲೆಹೊರೆಯವರಿಗೆ ದಾರಿಯಲ್ಲಿ ಹೊರೆ ಇಳಿಸುವ ಕಲ್ಲೂ ಇರುತ್ತಿತ್ತು. ಎರಡು ಕಂಬಗಲ್ಲು ನೆಟ್ಟು ಮೇಲೊಂದು ಚಪ್ಪಡಿ ಅಡ್ಡ ಇಟ್ಟಿರುತ್ತಾರೆ, ಸರಿಯಾಗಿ ಹೆಗಲಿನ ಎತ್ತರಕ್ಕೆ. ಒಬ್ಬನೇ ನಡೆಯುವವನು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಬಹುದು. ಬಾಗುವ ಅಗತ್ಯವೇ ಇಲ್ಲ. ಮೊಣಕಾಲು ನೋಯುವ ಮನುಷ್ಯನನ್ನು ಕಣ್ಣಾರೆ ಕಂಡವರು ಮಾತ್ರ ಮಾಡಬಹುದಾದ ವಿನ್ಯಾಸ ಅದು.

ಬೇಸಿಗೆಯಲ್ಲಿ ಅರವಟ್ಟಿಗೆ. ನೀರು, ಒಂದು ತುಂಡು ಬೆಲ್ಲ. ಕೆಲವೆಡೆ ಮಜ್ಜಿಗೆ. ಈಗಲೂ ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ-ನೀರೇ ಅಲ್ವಾ? ಅದು ದಾರಿಹೋಕರ ಕಾಲದ ಅಭ್ಯಾಸ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಬೇಕಾದದ್ದು ಅಷ್ಟೇ.

ಛತ್ರ: ಪಂಕ್ತಿಯ ಲೆಕ್ಕ

ಎರಡನೆಯದು ದೇವಸ್ಥಾನ, ಮಠಗಳ ಛತ್ರ. ಕಡಬ ಕಡೆಗೆ ಹೋದರೆ ಇದರ ಕಾರಣ ಗೊತ್ತಾಗುತ್ತದೆ. ಉಪ್ಪಿನಂಗಡಿಯಿಂದ ಕಡಬ ಮೇಲಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ಯಾತ್ರಿಕರದ್ದು. ಚಂಪಾಷಷ್ಠಿ ಬಂತೆಂದರೆ ಘಟ್ಟದ ಮೇಲಿನವರು, ಕೆಳಗಿನವರು ಎಲ್ಲ ಇಲ್ಲಿ ಸೇರುತ್ತಿದ್ದರು. ಮಂಗಳೂರು-ಹಾಸನ ರೈಲು ಬಂದದ್ದು 1979ರಲ್ಲಿ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಅದರ ಕೊಡುಗೆ. ಅದಕ್ಕೆ ಮೊದಲು ನಡಿಗೆ, ಗಾಡಿ, ಆಮೇಲೆ ಬಸ್ಸು.

ಈ ದಾರಿಯ ಹೊಸಮಠದ ಹಳೇ ಮುಳುಗು ಸೇತುವೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಗುಂಡ್ಯ ಹೊಳೆ ತುಂಬಿ ಸೇತುವೆ ಮುಳುಗಿದರೆ ಬಸ್ಸುಗಳು ಎರಡೂ ದಡದಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ನೀರು ಇಳಿಯುವವರೆಗೆ ಎಲ್ಲರೂ ಕಾಯಬೇಕು. ಈಗ ಎತ್ತರದ ಹೊಸ ಸೇತುವೆ ಬಂದಿದೆ, ನಿಲ್ಲುವ ಪ್ರಮೇಯವೇ ಇಲ್ಲ. ಹಳೆಯ ಸೇತುವೆಯ ಹತ್ತಿರ ಬೈಕ್ ನಿಲ್ಲಿಸಿ ನೀರು ನೋಡುತ್ತಿದ್ದಾಗ ಅನ್ನಿಸಿತು, ಹಿಂದೆ ಪ್ರಯಾಣ ಅಂದರೆ ಅರ್ಧ ಕಾಯುವುದೇ. ಆ ಕಾಯುವಿಕೆಗೆ ಒಂದು ಸೂರು ಬೇಕಿತ್ತು. ಛತ್ರಗಳು ಹುಟ್ಟಿದ್ದು ಹೀಗೆ.

ಛತ್ರದ ಕಟ್ಟಡ ಸರಳ. ನಡುವೆ ಅಂಗಳ, ನಾಲ್ಕೂ ಕಡೆ ಜಗಲಿ, ಹಿಂದೆ ದೊಡ್ಡ ಅಡುಗೆಕೋಣೆ. ಬಾಗಿಲಿರುವ ಕೋಣೆಗಳು ಕಡಿಮೆ, ಉದ್ದದ ಜಗಲಿ ಜಾಸ್ತಿ. ಊಟ ಧರ್ಮಕ್ಕೆ. ಆದರೆ ಪಂಕ್ತಿ ಬೇರೆ ಬೇರೆ. ಒಳಗಿನ ಜಗಲಿ ಒಂದು ಜಾತಿಗೆ, ಹೊರಗಿನದು ಇನ್ನೊಂದಕ್ಕೆ. ಅಂಗಳದ ಆಚೆ ನಿಲ್ಲಬೇಕಾದವರು ಊಟದ ಲೆಕ್ಕದಲ್ಲೇ ಇಲ್ಲ.

ಬಂಗ್ಲೆ: ಗುಡ್ಡೆಯ ಮೇಲಿನ ಸರ್ಕಾರ

ಮೂರನೆಯದು ಕಂಪೆನಿ ಸರ್ಕಾರ ತಂದ ಬಂಗ್ಲೆ. ಆ ಪದವೇ ಬಂಗಾಳದಿಂದ ಬಂದದ್ದು. ಅಲ್ಲಿನ ಹುಲ್ಲಿನ ಮಾಡಿನ, ಜಗಲಿಯ ಮನೆಗೆ ಇದ್ದ ಹೆಸರು. ತಪಾಲು ಸಾಗುವ ದಾರಿಯಲ್ಲಿ, ಒಂದು ದಿನದ ಪ್ರಯಾಣಕ್ಕೊಂದರಂತೆ ಇವನ್ನು ಕಟ್ಟಿಸುತ್ತಿದ್ದರು. ಅದಕ್ಕೇ ಡಾಕ್ ಬಂಗಲೆ. ಪ್ರವಾಸಿ ಬಂಗಲೆ, ಐಬಿ ಎಲ್ಲ ಅದರದ್ದೇ ಕುಟುಂಬ. ಪುತ್ತೂರು, ಸುಳ್ಯದಲ್ಲಿ ಇವತ್ತಿಗೂ ಲೋಕೋಪಯೋಗಿ ಇಲಾಖೆಯ ನಿರೀಕ್ಷಣಾ ಮಂದಿರಗಳಿವೆ. ಪೇಪರಲ್ಲಿ ಶಾಸಕರ ಸಭೆಯ ಸುದ್ದಿ ಬರುವುದು ಅಲ್ಲಿಂದಲೇ.

ಕರಾವಳಿಯ ಹಳೇ ಬಂಗ್ಲೆಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಜಾಗ ಯಾವಾಗಲೂ ಗುಡ್ಡೆಯ ಮೇಲೆ. ಗಾಳಿ ಬರುತ್ತದೆ, ಸೊಳ್ಳೆ ಕಡಿಮೆ, ದಾರಿಯಲ್ಲಿ ಯಾರು ಬರುತ್ತಿದ್ದಾರೆ ಅಂತ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ‘ಬಂಗ್ಲೆಗುಡ್ಡೆ’ ಅನ್ನುವ ಹೆಸರು ಅಲ್ಲಲ್ಲಿ ಸಿಗುವುದು ಇದಕ್ಕೇ.

ಗೋಡೆ ಮುರಕಲ್ಲಿನದ್ದು, ಅಂದರೆ ನಮ್ಮ ಕೆಂಪುಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ದಪ್ಪ ಗೋಡೆಗೆ ಸುಣ್ಣದ ಗಾರೆ. ಎತ್ತರದ ಪಂಚಾಂಗ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಅದಿಲ್ಲದಿದ್ದರೆ ಗೋಡೆ ಕೆಳಗಿಂದಲೇ ತೇವ ಕುಡಿಯುತ್ತದೆ. ಮಾಡು ಮೊದಲು ಮುಳಿಹುಲ್ಲಿನದ್ದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಲ್ಲ ಕಡೆ ಮಂಗಳೂರು ಹೆಂಚು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹೆಂಚು ಹುಲ್ಲಿನಂತೆ ಬೆಂಕಿಗೆ ಹೆದರಬೇಕಾಗಿಲ್ಲ, ವರ್ಷ ವರ್ಷ ಬದಲಿಸಬೇಕಾಗಿಲ್ಲ. ನಡುವೆ ಒಂದೆರಡು ಗಾಜಿನ ಹೆಂಚು ಇಟ್ಟರೆ ಕತ್ತಲೆ ಕೋಣೆಗೆ ಬೆಳಕು.

ಸುತ್ತಲೂ ಅಗಲ ವೆರಾಂಡ. ಮಳೆ ಎಷ್ಟೇ ಓರೆಯಾಗಿ ಹೊಡೆದರೂ ಕೋಣೆಯ ಗೋಡೆ ಒದ್ದೆಯಾಗಬಾರದು. ಅಡುಗೆಮನೆ ಮಾತ್ರ ಬೇರೆ, ಸ್ವಲ್ಪ ದೂರ. ಹೊಗೆ, ಬೆಂಕಿಯ ಭಯ ಒಂದು ಕಾರಣ. ಅಡುಗೆಯವರು ಮನೆಯೊಳಗೆ ಇರಬಾರದು ಅನ್ನೋದು ಇನ್ನೊಂದು.

ಇಂಥ ಬಂಗ್ಲೆಗಳಲ್ಲಿ ನನ್ನ ಕಣ್ಣು ನೆಟ್ಟದ್ದು ಒಂದು ಸಣ್ಣ ಬಾಗಿಲ ಮೇಲೆ. ಪ್ರತಿ ಮಲಗುವ ಕೋಣೆಗೂ ಹಿಂದೆ ಒಂದು ಬಚ್ಚಲು, ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು. ಮೊದಲು ಅರ್ಥ ಆಗಲಿಲ್ಲ. ಬಚ್ಚಲಿಗೆ ಎರಡು ಬಾಗಿಲು ಯಾಕೆ? ಕೊಳಾಯಿ ಇಲ್ಲದ ಕಾಲ. ಮಲ ಹೊರುವ ಮನುಷ್ಯ ಹಿಂದಿನಿಂದ ಬಂದು, ಹಿಂದಿನಿಂದಲೇ ಹೋಗಬೇಕು. ಸಾಹೇಬರ ಕಣ್ಣಿಗೆ ಬೀಳಬಾರದು. ಅವನಿಗೋಸ್ಕರ ಮಾಡಿದ ಏಕೈಕ ಬಾಗಿಲು, ಅವನು ಕಾಣಿಸದಿರಲಿ ಅಂತ ಮಾಡಿದ ಬಾಗಿಲು.

ಬಂಗ್ಲೆಯಲ್ಲಿ ತಂಗಿದವರು ಬಾಡಿಗೆ ಕೊಟ್ಟು ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ಕೆಲಸದ ಮೇಲೆ ಬಂದ ಅಧಿಕಾರಿಗೆ ಮೊದಲ ಹಕ್ಕು. ನಮ್ಮ ಅಜ್ಜನಂಥವರಿಗೆ ಬಂಗ್ಲೆ ಅಂದರೆ ಗುಡ್ಡೆಯ ಮೇಲೆ ಕಾಣುವ ದೀಪ ಮಾತ್ರ.

ಬೆಳ್ಳಾರೆಯ ಗುಡ್ಡೆ

ಎರಡನೇ ದಿನ ಬೆಳ್ಳಾರೆಗೆ ಹೋದೆ. ಇಲ್ಲಿಯ ಬಂಗ್ಲೆಗುಡ್ಡೆ ತಂಗುದಾಣಕ್ಕಿಂತ ಹೆಚ್ಚಾಗಿ ಖಜಾನೆಗೆ ಹೆಸರುವಾಸಿ. ಸುಳ್ಯ, ಪುತ್ತೂರು ಕಡೆಯ ಈ ಸೀಮೆ 1834ರವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿತ್ತು. ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪೆನಿ ಇದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಹಿಂದೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮೇಲೆ ರೊಕ್ಕದಲ್ಲೇ ಕೊಡಿ ಎಂದಿತು. ರೈತರ ಕೈಯಲ್ಲಿ ಭತ್ತ ಇತ್ತು, ರೊಕ್ಕ ಎಲ್ಲಿಂದ ಬರಬೇಕು? ಸಾಲ ಕೊಡುವವರ ಮನೆ ಬಾಗಿಲೇ ಗತಿ.

1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಜನ ಎದ್ದರು. ಕಲ್ಯಾಣಸ್ವಾಮಿ ಹೆಸರಿನಲ್ಲಿ ಹೊರಟ ಆ ದಂಡು ಮೊದಲು ವಶಪಡಿಸಿಕೊಂಡದ್ದು ಬೆಳ್ಳಾರೆಯ ಖಜಾನೆಯನ್ನು. ಅಲ್ಲಿಂದ ಪುತ್ತೂರು, ಬಂಟ್ವಾಳ, ಏಪ್ರಿಲ್ 5ಕ್ಕೆ ಮಂಗಳೂರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಬಾವುಟ ಹಾರಿಸಿದ ಗುಡ್ಡಕ್ಕೆ ಬಾವುಟಗುಡ್ಡೆ ಅನ್ನುವ ಹೆಸರೇ ಉಳಿಯಿತು. ಆಮೇಲೆ ಕಂಪೆನಿಯ ಪಡೆ ಬಂತು, ಗಲ್ಲುಗಂಬಗಳೂ ಬಂದವು.

ನಮ್ಮ ಅಡಿಕೆ ಗಾಡಿ ಹೋದ ದಾರಿಯೇ ಆ ದಂಡು ಹೋದ ದಾರಿ. ಗುಡ್ಡೆ ಮೇಲಿನ ಹಳೇ ಹೆಂಚಿನ ಕಟ್ಟಡದ ಮುಂದೆ ನಿಂತು ಕೆಳಗೆ ಪೇಟೆ ನೋಡಿದೆ. ಬೇಕರಿ, ಮೊಬೈಲ್ ಅಂಗಡಿ, ಶಾಲೆ ಬಿಟ್ಟ ಮಕ್ಕಳು. ಕಂದಾಯ ಕಟ್ಟಲು ಭತ್ತ ಮಾರಿ ಬಂದವರು ಈ ಏರು ಹತ್ತುವಾಗ ಏನು ಯೋಚಿಸಿರಬಹುದು ಅನ್ನಿಸಿತು. ಅವರ ಮಟ್ಟಿಗೆ ಬಂಗ್ಲೆ ಅಂದರೆ ತಂಗುವ ಜಾಗ ಅಲ್ಲ, ಬಗ್ಗಿ ನಿಲ್ಲುವ ಜಾಗ.

ಗಾಂಧಿಕಟ್ಟೆಯ ಸಂಜೆ

ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಅಶ್ವತ್ಥ ಮರದ ಗಾಂಧಿಕಟ್ಟೆ ಇದೆ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದಾಗ ಮಡಿಕೇರಿಯಿಂದ ಇದೇ ಘಾಟಿ ಇಳಿದು, ಸುಳ್ಯ ದಾಟಿ ಪುತ್ತೂರಿಗೆ ಬಂದರು. ಇಲ್ಲಿ ಮಾತಾಡಿದರು, ಊರಿನ ದಲಿತ ಕಾಲನಿಗೂ ಹೋದರು. ಬಂಗ್ಲೆಯಲ್ಲ, ಛತ್ರವಲ್ಲ, ಆ ಭೇಟಿಯ ನೆನಪು ಉಳಿದದ್ದು ಗೋಡೆ ಇಲ್ಲದ ಕಟ್ಟೆಯಲ್ಲಿ.

“ಅಜ್ಜ ಗಾಂಧಿಯನ್ನ ನೋಡಿದ್ರಾ?” ಅಂತ ದೊಡ್ಡಪ್ಪನಲ್ಲಿ ಕೇಳಿದ್ದೆ.

“ನೋಡಿದ್ದೆ ಅಂತ ಹೇಳ್ತಿದ್ದ. ಸರಿಯಾಗಿ ಕೇಳಿದ್ರೆ, ಕಾರು ಹೋದ ಮೇಲೆ ಧೂಳು ಕಂಡದ್ದಂತೆ.”

ಇಬ್ಬರೂ ನಕ್ಕೆವು. ಆಮೇಲೆ ದೊಡ್ಡಪ್ಪ ಸುಮ್ಮನೆ ಮಾತು ಮುಂದುವರಿಸಿದರು. ಅಜ್ಜ ರಾತ್ರಿ ಕಟ್ಟೆಯ ಮೇಲೆ ಮಲಗುತ್ತಿದ್ದ. ಮಳೆ ಬಂದರೆ ಗಾಡಿಯ ಕೆಳಗೆ. ಜೊತೆಗೊಬ್ಬ ಆಳು ಇರುತ್ತಿದ್ದ, ಎತ್ತು ನೋಡಿಕೊಳ್ಳಲಿಕ್ಕೆ, ಮೂಟೆ ಇಳಿಸಲಿಕ್ಕೆ.

“ಅವರು ಎಲ್ಲಿ ಮಲಗ್ತಿದ್ದದ್ದು?”

“ಎತ್ತುಗಳ ಆಚೆ. ಕಟ್ಟೆ ಮೇಲೆ ಅವನು ಹತ್ತುವ ಹಾಗಿರಲಿಲ್ಲ ಅಲ್ವಾ.”

“ಮಳೆ ಬಂದ್ರೆ?”

ದೊಡ್ಡಪ್ಪ ಸ್ವಲ್ಪ ಹೊತ್ತು ಅಂಗಳ ನೋಡಿದರು. “ಗೊರಬೆ ಇತ್ತಲ್ಲ” ಅಂದರು. ಗೊರಬೆ ಅಂದರೆ ಎಲೆಯಿಂದ ಹೆಣೆದ, ಬೆನ್ನ ಮೇಲೆ ಕವುಚಿಕೊಳ್ಳುವ ಮಳೆಕೊಡೆ. ಗದ್ದೆ ಕೆಲಸಕ್ಕೆ ಅದು ಸರಿ. ಇಡೀ ರಾತ್ರಿಗೆ?

“ಅವರ ಹೆಸರೆಂತ ದೊಡ್ಡಪ್ಪಾ?”

“ಗೊತ್ತಿಲ್ಲ ಮಗಾ. ಅಜ್ಜ ‘ನಮ್ಮ ಆಳು’ ಅಂತಲೇ ಹೇಳ್ತಿದ್ದದ್ದು.”

ಬಂಗ್ಲೆಯ ಪುಸ್ತಕದಲ್ಲಿ ನಮ್ಮ ಅಜ್ಜನ ಹೆಸರಿಲ್ಲ ಅಂತ ನನಗೆ ಬೇಜಾರಿತ್ತು. ಸಾಹೇಬರ ಹಿಂಬಾಗಿಲ ಬಗ್ಗೆ ಸಿಟ್ಟೂ ಬಂದಿತ್ತು. ಆದರೆ ನಮ್ಮ ಮನೆಯ ನೆನಪಿನಲ್ಲೇ ಒಂದು ಹೆಸರು ಇಲ್ಲ. ಎಂಟು ದಿನ ಒಟ್ಟಿಗೆ ನಡೆದವನು, ಒಂದೇ ಮಳೆಯಲ್ಲಿ ನೆಂದವನು. ನಾವೂ ಒಂದು ಹಿಂಬಾಗಿಲು ಇಟ್ಟುಕೊಂಡವರೇ.

ಗಾಡಿ ಹೋಯಿತು, ಬಸ್ಸು ಬಂತು

1914ರಲ್ಲಿ ಮಂಗಳೂರಿನಲ್ಲಿ ಶುರುವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್, ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಜಿಲ್ಲೆಗೆ ಮೋಟಾರು ಬಸ್ಸಿನ ರುಚಿ ಹಿಡಿಸಿತು. ನಾಲ್ಕು ದಿನದ ದಾರಿ ಒಂದು ದಿನಕ್ಕೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದ್ದೂ ಉಂಟು. ಬಸ್ಸಿನಲ್ಲಿ ಟಿಕೆಟ್ ಕೊಟ್ಟವರೆಲ್ಲ ಪಕ್ಕ ಪಕ್ಕ ಕೂರಬೇಕಾಯಿತು. ರಾತ್ರಿ ತಂಗುವ ಅಗತ್ಯ ತಪ್ಪಿದ ಹಾಗೆ ಕಟ್ಟೆ, ಛತ್ರ, ಬಂಗ್ಲೆಗಳ ಕೆಲಸವೂ ತಪ್ಪುತ್ತಾ ಬಂತು.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲರಿಗೂ ಅಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ದಾರಿಹೋಕರ ತಂಗುದಾಣವನ್ನು ಕಾನೂನೇ ಹುಡುಕಿಕೊಂಡು ಹೋಗಿ ಬಾಗಿಲು ತೆರೆಸಬೇಕಾಯಿತು ಅಂದರೆ, ಅದು ಎಷ್ಟು ಗಟ್ಟಿಯಾಗಿ ಮುಚ್ಚಿತ್ತು ಅಂತ ಗೊತ್ತಾಗುತ್ತದೆ.

2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿತಲ್ಲ, ಆಗ ಅರಂತೋಡು, ಕಲ್ಲುಗುಂಡಿಯಲ್ಲಿ ಪರಿಹಾರ ಕೇಂದ್ರ ತೆರೆದರು. ದೊಡ್ಡಪ್ಪ ಅಕ್ಕಿ, ತೆಂಗಿನಕಾಯಿ ಕೊಟ್ಟು ಬಂದಿದ್ದರಂತೆ. “ಎಲ್ಲ ಜಾತಿಯವರೂ, ಬ್ಯಾರಿಗಳೂ, ಕ್ರಿಶ್ಚಿಯನ್ನರೂ ಒಂದೇ ಹಾಲಿನಲ್ಲಿ ಚಾಪೆ ಹಾಸಿದ್ರು. ಒಂದೇ ಪಾತ್ರೆಯ ಗಂಜಿ. ಅಜ್ಜ ಇದ್ದಿದ್ರೆ ಎಂತ ಹೇಳ್ತಿದ್ನೋ” ಅಂದರು. ಒಂದು ಕ್ಷಣ ಬಿಟ್ಟು, “ಊಟ ಮಾಡ್ತಿದ್ದ ಬಿಡು. ಹಸಿವಲ್ವಾ” ಅಂತ ತಾವೇ ಸೇರಿಸಿದರು.

ನೀವು ಹೋಗೋದಾದ್ರೆ

ಒಂದು ಶನಿವಾರ-ಭಾನುವಾರ ಸಾಕು. ರೈಲಾದರೆ ಕಬಕ ಪುತ್ತೂರಿನಲ್ಲಿ ಇಳಿಯಿರಿ. ಗಾಂಧಿಕಟ್ಟೆ, ಮಹಾಲಿಂಗೇಶ್ವರ ದೇವಸ್ಥಾನ, ಶಿವರಾಮ ಕಾರಂತರು ಬಾಳಿದ ಬಾಲವನ ಎಲ್ಲ ಹತ್ತಿರ ಹತ್ತಿರ. ಅಲ್ಲಿಂದ ಬೆಳ್ಳಾರೆಯ ಬಂಗ್ಲೆಗುಡ್ಡೆ ನೋಡಿ ಸುಳ್ಯ. ಪಯಸ್ವಿನಿ ಪಕ್ಕದಲ್ಲೇ ಅರಂತೋಡು, ಕಲ್ಲುಗುಂಡಿ, ಸಂಪಾಜೆ. ಸಂಪಾಜೆ ಎರಡು ಜಿಲ್ಲೆಯಲ್ಲೂ ಇದೆ, ಗೊಂದಲ ಬೇಡ. ಇನ್ನೊಂದು ದಿನ ಇದ್ದರೆ ಉಪ್ಪಿನಂಗಡಿಯ ಸಂಗಮ, ಹೊಸಮಠ, ಕಡಬ, ಸುಬ್ರಹ್ಮಣ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಚೆನ್ನ. ಮಳೆಗಾಲದಲ್ಲಿ ಚೆಂದ ಜಾಸ್ತಿ, ಆದರೆ ಘಾಟಿಯ ಸುದ್ದಿ ಕೇಳಿಕೊಂಡೇ ಹೊರಡಿ.

ಕೊನೆಯ ರಾತ್ರಿ ಪುತ್ತೂರಿನ ಒಂದು ಲಾಡ್ಜಿನಲ್ಲಿ ಉಳಿದೆ. ಕೌಂಟರಿನ ಹುಡುಗ ಆಧಾರ್ ನೋಡಿ ಪುಸ್ತಕದಲ್ಲಿ ಹೆಸರು ಬರೆದುಕೊಂಡ. ಕೆಳಗಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಎದುರು ಕೂತ ಅಜ್ಜ ಒಬ್ಬರು ಪ್ರೀತಿಯಿಂದಲೇ ವಿಚಾರಿಸಿದರು. “ಯಾವ ಊರು? ಮನೆ ಹೆಸರೆಂತ?” ನಮ್ಮ ಕಡೆ ಮನೆ ಹೆಸರು ಹೇಳಿದರೆ ಉಳಿದದ್ದೆಲ್ಲ ಹೇಳಿದ ಹಾಗೆ. ಹೇಳಿದೆ. ಅವರು ತಲೆಯಾಡಿಸಿದರು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ “ವೆಜ್ಜಾ, ನಾನ್‌ವೆಜ್ಜಾ?” ಅಂತ ಕೇಳುವುದು ನೆನಪಾಯಿತು. ನಿಮಗೂ ಕೇಳಿರುತ್ತಾರೆ.

ವಾಪಸ್ ಹೋಗುವ ಬಸ್ಸಿನಲ್ಲಿ ಈ ಸಲ ನಿದ್ದೆ ಮಾಡಲಿಲ್ಲ. ಕುಂಬ್ರ, ಕಾವು, ಕನಕಮಜಲು, ಜಾಲ್ಸೂರು. ಕಿಟಕಿಯಾಚೆ ಒಂದೊಂದು ಕಟ್ಟೆ ಹೆಡ್‌ಲೈಟಿಗೆ ಬಂದು ಹೋಗುತ್ತಿತ್ತು. ಪ್ರತಿಯೊಂದರ ಹತ್ತಿರವೂ ನನ್ನ ಕಣ್ಣು ಕಟ್ಟೆಯ ಮೇಲಲ್ಲ, ಅದರಿಂದಾಚೆಯ ಕತ್ತಲೆಯಲ್ಲಿ ಹುಡುಕುತ್ತಿತ್ತು. ಮುಂದಿನ ಸಲ ಊರಿಗೆ ಹೋದಾಗ ಆ ಹೆಸರು ಹುಡುಕಬೇಕು. ನಮ್ಮೂರಿನ ಕಾಲನಿಯಲ್ಲಿ ಅವರ ಮೊಮ್ಮಕ್ಕಳು ಇದ್ದೇ ಇರುತ್ತಾರೆ. ಹೋಗಿ ಕೇಳಬೇಕು. ಮೊದಲು ಬೆಲ್ಲ-ನೀರು ಕೊಟ್ಟರೆ, ಕುಡಿದೇ ಕೇಳಬೇಕು.